ಸಂಪಾದಕರ ಉತ್ತರ: ಹಾಡು ಡಾಲಿಯದೋ, ವಿಟ್ನಿಯದೋ?

ಮಾನ್ಯರೇ,

ಹಾಡು ಕಟ್ಟುವ ಹೆಣ್ಣುಮಕ್ಕಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನಲ್ಲಿ ಬೇರುಬಿಟ್ಟ ಸಂಗೀತ) ಗಾಯಕಿ ಡಾಲಿ ಪಾರ್ಟನ್ ಅವರಿಗೆ ಎರಡು ಪುಟ ಕೊಟ್ಟಿದ್ದು ನಿಮಗೆ ಹಿಡಿಸಿಲ್ಲ. ‘ಆಕೆಯ ಅತಿ ದೊಡ್ಡ ಹಾಡನ್ನು ದೊಡ್ಡದು ಮಾಡಿದ್ದು ವಿಟ್ನಿ ಹ್ಯೂಸ್ಟನ್. 1977ರಲ್ಲಿ ದುಡ್ಡಿಗಾಗಿ ಕಂಟ್ರಿ ಬಿಟ್ಟು ಪಾಪ್‌ಗೆ ಹಾರಿದವರು, ಹಾರಿದ ಹಾಡೂ ಸ್ವಂತದ್ದಲ್ಲ. ವಿಗ್ಗು, ಮಿಂಚುವ ಬಟ್ಟೆ, ಥೀಮ್ ಪಾರ್ಕು, ಇದರಲ್ಲಿ ಕವಿ ಎಲ್ಲಿ?’ ಎಂದು ಕೇಳಿದ್ದೀರಿ. ಎಲ್ಲಿಂದ ಕೇಳಲು ಶುರುಮಾಡಬೇಕು ಎಂದೂ ಕೊನೆಯಲ್ಲಿ ಸವಾಲು ಹಾಕಿದ್ದೀರಿ. ಪತ್ರ ಖಾರವಾಗಿದೆ, ಆದರೆ ಬರೆದವರಿಗೆ ವಿಷಯ ಗೊತ್ತು. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸುವ ಮನಸ್ಸಾಗಲಿಲ್ಲ.

ಪಾಪ್ ಗಾಯಕಿ ವಿಟ್ನಿಯ ವಿಚಾರದಿಂದಲೇ ಹೊರಡೋಣ. ನೀವು ಹೇಳುವ ಆ ದೊಡ್ಡ ಹಾಡು, ‘ಐ ವಿಲ್ ಆಲ್ವೇಸ್ ಲವ್ ಯೂ’, ಕೇಳಿದವರಿಗೆಲ್ಲ ಅದು ಪ್ರೇಮಿಗಳ ಅಗಲಿಕೆಯ ಹಾಡು. ಅದು ಹುಟ್ಟಿದ್ದು ಕೆಲಸ ಬಿಡುವ ಜಗಳದಲ್ಲಿ. ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್ ನಗರದ ಪೋರ್ಟರ್ ವ್ಯಾಗನರ್ ಎಂಬ ಗಾಯಕ 1967ರಲ್ಲಿ ತಮ್ಮ ಟಿವಿ ಕಾರ್ಯಕ್ರಮಕ್ಕೆ ಡಾಲಿಯನ್ನು ಕರೆತಂದರು. ಮೊದಮೊದಲು ಜನ ಹಳೆಯ ಗಾಯಕಿ ನೋರ್ಮಾ ಜೀನ್ ಬೇಕೆಂದು ಕೂಗುತ್ತಿದ್ದರಂತೆ. ಕ್ರಮೇಣ ಡಾಲಿಯೇ ಕಾರ್ಯಕ್ರಮದ ಆಕರ್ಷಣೆಯಾದರು. ಏಳನೆಯ ವರ್ಷಕ್ಕೆ, ಇನ್ನು ನಾನು ನನ್ನ ದಾರಿ ನೋಡಿಕೊಳ್ಳುತ್ತೇನೆ ಎಂದರೆ ಪೋರ್ಟರ್ ಸುತರಾಂ ಒಪ್ಪಲಿಲ್ಲ. ವಾದ ಮಾಡಿ ಸಾಕಾಗಿ ಡಾಲಿ ಮನೆಗೆ ಹೋಗಿ ಈ ಹಾಡು ಬರೆದರು, ಮರುದಿನ ಅವರ ಎದುರಿಗೇ ಕೂತು ಹಾಡಿದರು. ಪೋರ್ಟರ್ ಅತ್ತುಬಿಟ್ಟರು, ಇದರ ರೆಕಾರ್ಡಿಂಗ್ ನನ್ನ ಕೈಯಲ್ಲೇ ಆಗುವುದಾದರೆ ಹೋಗು ಎಂದರು. ಇದು ಡಾಲಿ ಹೇಳಿಕೊಂಡಿರುವ ಕಥೆ. 1974ರಲ್ಲಿ ಅದು ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮುಂದೆ ಅದೇ ಪೋರ್ಟರ್ ಡಾಲಿಯ ಮೇಲೆ ಕೋರ್ಟಿಗೆ ಹೋದದ್ದು, ಕೋರ್ಟಿನ ಹೊರಗೇ ರಾಜಿಯಾದದ್ದು, 2007ರಲ್ಲಿ ಪೋರ್ಟರ್ ತೀರಿಕೊಳ್ಳುವ ಮುನ್ನ ಡಾಲಿ ಹೋಗಿ ನೋಡಿಬಂದದ್ದು, ಅದೆಲ್ಲ ಬೇರೆಯದೇ ಪುರಾಣ.

ನಾನು ನಿಮಗೆ ಹೇಳಬೇಕಾದ್ದು ಆಮೇಲೆ ನಡೆದದ್ದು. ಎಲ್ವಿಸ್ ಪ್ರೀಸ್ಲಿ ಈ ಹಾಡನ್ನು ಹಾಡಲು ಬಯಸಿದರು. ಆಗಿನ ಕಾಲಕ್ಕೆ ಅದಕ್ಕಿಂತ ದೊಡ್ಡ ಭಾಗ್ಯ ಹಾಡು ಬರೆದವರಿಗೆ ಇರಲಿಲ್ಲ. ಆದರೆ ಎಲ್ವಿಸ್‌ನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಒಂದು ಷರತ್ತು ಇಟ್ಟರು: ಹಾಡಿನ ಪ್ರಕಾಶನ ಹಕ್ಕಿನಲ್ಲಿ ಅರ್ಧ ನಮಗೆ. ಅಲ್ಲಿನ ಪದ್ಧತಿಯಲ್ಲಿ ಧ್ವನಿಮುದ್ರಣ ಒಂದು ಸೊತ್ತು, ಹಾಡು ಇನ್ನೊಂದು ಸೊತ್ತು. ಹಾಡನ್ನು ಯಾರೇ ಹಾಡಲಿ, ಅದರ ಹಕ್ಕಿನ ಹಣ ಬರೆದವರಿಗೆ ಮತ್ತು ಪ್ರಕಾಶಕರಿಗೆ ಸೇರುತ್ತದೆ. ಡಾಲಿ ತಮ್ಮ ಹಾಡುಗಳಿಗೆ ತಾವೇ ಪ್ರಕಾಶಕಿ. ಒಲ್ಲೆ ಎಂದರು, ರಾತ್ರಿಯಿಡೀ ಅತ್ತರು. ಎಲ್ವಿಸ್ ಅದನ್ನು ರೆಕಾರ್ಡ್ ಮಾಡಲಿಲ್ಲ.

ಹದಿನೆಂಟು ವರ್ಷ ಬಿಟ್ಟು, 1992ರಲ್ಲಿ, ‘ದಿ ಬಾಡಿಗಾರ್ಡ್’ ಚಿತ್ರಕ್ಕೆ ವಿಟ್ನಿ ಹಾಡಿದರು. ಹದಿನಾಲ್ಕು ವಾರ ಅಮೆರಿಕದ ಮುಖ್ಯ ಪಟ್ಟಿಯ ನೆತ್ತಿಯಲ್ಲಿತ್ತು. ನಿಮ್ಮ ವಾದಕ್ಕೆ ನೇರ ಉತ್ತರವಾಗಬಲ್ಲ ಒಂದು ಸಂಗತಿ ಇಲ್ಲಿದೆ. ಅಮೆರಿಕದ ಸಾಮಾನ್ಯ ರೇಡಿಯೋ ಕೇಂದ್ರಗಳು ಹಾಡು ಹಾಕಿದಾಗ ಹಣ ಕೊಡುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ, ಹಾಡಿದವರಿಗಲ್ಲ. ಅಂದರೆ ವಿಟ್ನಿಯ ಕಂಠ ರೇಡಿಯೋದಲ್ಲಿ ಮೊಳಗಿದಾಗಲೆಲ್ಲ ಹಣ ಹೋದದ್ದು ಡಾಲಿಯ ಮನೆಗೆ! ನ್ಯಾಯವೇ ಎಂದು ನೀವು ಕೇಳಬಹುದು. ಗಾಯಕರ ದೃಷ್ಟಿಯಿಂದ ಖಂಡಿತ ಅಲ್ಲ. ಆದರೆ ಆ ಹಾಡು ಯಾರದು ಎಂಬ ಪ್ರಶ್ನೆಗೆ ಅಲ್ಲಿನ ಲೆಕ್ಕಪುಸ್ತಕ ಕೊಡುವ ಉತ್ತರ ಸ್ಪಷ್ಟ. ಆ ಹಣದಲ್ಲಿ ಕಪ್ಪು ಜನರೇ ಹೆಚ್ಚಾಗಿದ್ದ ನ್ಯಾಶ್‌ವಿಲ್‌ನ ಒಂದು ಬಡಾವಣೆಯಲ್ಲಿ ಕಟ್ಟಡ ಸಮುಚ್ಚಯವೊಂದನ್ನು ಕೊಂಡು, ಇದು ವಿಟ್ನಿ ಕಟ್ಟಿಸಿದ ಮನೆ ಎಂದು ಡಾಲಿ ನಗುತ್ತಾರೆ.

ಹಕ್ಕಿನ ವಿಷಯದಲ್ಲಿ ಇಷ್ಟು ಬಿಗಿ ಎಲ್ಲಿಂದ ಬಂತು? ಟೆನೆಸ್ಸಿಯ ಸೆವಿಯರ್ ಕೌಂಟಿಯಲ್ಲಿ, ಸ್ಮೋಕಿ ಬೆಟ್ಟಗಳ ಮಡಿಲಲ್ಲಿ, ಒಂದೇ ಕೋಣೆಯ ಮನೆಯಲ್ಲಿ 1946ರ ಜನವರಿ 19ರಂದು ಹುಟ್ಟಿದವರು ಡಾಲಿ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ಕೊಟ್ಟ ಶುಲ್ಕ ಒಂದು ಚೀಲ ಜೋಳದ ಹಿಟ್ಟು. ತಂಬಾಕು ಬೆಳೆಯುತ್ತಿದ್ದ ಅಪ್ಪನಿಗೆ ಓದು ಬರಹ ಬಾರದು, ವ್ಯವಹಾರದಲ್ಲಿ ಮಾತ್ರ ಮಹಾ ಚುರುಕು ಎಂದು ಮಗಳೇ ಹೇಳುತ್ತಾರೆ. ಅಮ್ಮನ ಬಾಯಲ್ಲಿ ಆ ಬೆಟ್ಟಗಳಿಗೆ ಬ್ರಿಟನ್ ಕಡೆಯಿಂದ ವಲಸೆ ಬಂದವರು ತಂದ ಹಳೆಯ ಕಥನಗೀತೆಗಳು. ಸೋದರಮಾವ ಬಿಲ್ ಓವೆನ್ಸ್ ಕೈಗೆ ಗಿಟಾರ್ ಕೊಟ್ಟರು, ಹತ್ತರ ಹುಡುಗಿಯನ್ನು ನಾಕ್ಸ್‌ವಿಲ್‌ನ ರೇಡಿಯೋಗೆ ಕರೆದೊಯ್ದರು. ಹದಿಮೂರಕ್ಕೆ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಆಪ್ರಿ’ಯ ವೇದಿಕೆ. 1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ನ್ಯಾಶ್‌ವಿಲ್ ಬಸ್ಸು. ಅಲ್ಲಿ ಮೊದಲ ಗಳಿಕೆ ಹಾಡುವುದರಿಂದಲ್ಲ, ಮಾವನ ಜೊತೆ ಸೇರಿ ಬೇರೆಯವರಿಗೆ ಹಾಡು ಬರೆದುಕೊಟ್ಟದ್ದರಿಂದ ಎಂಬುದನ್ನು ಗಮನಿಸಿ. ಏನೂ ಇಲ್ಲದ ಮನೆಯಿಂದ ಬಂದವರು ತಮ್ಮದೆಂದು ಹೇಳಿಕೊಳ್ಳಬಹುದಾದ ಒಂದೇ ಆಸ್ತಿಯನ್ನು ಪಾಲು ಮಾಡಿ ಕೊಟ್ಟಾರೆಯೇ?

‘ಕವಿ ಎಲ್ಲಿ’ ಎಂಬ ಪ್ರಶ್ನೆಗೆ ‘ಜೋಲೀನ್’ ಸಾಕು. ಗಂಡನನ್ನು ಸೆಳೆಯಬಲ್ಲ ಚೆಲುವೆಯ ಮೇಲೆ ಹೆಂಡತಿ ಬರೆದ ಹಾಡೆಂದರೆ ಬೈಗುಳ, ಇಲ್ಲವೇ ಬೆದರಿಕೆ. ಕಂಟ್ರಿಯಲ್ಲಿ ಆ ಬಗೆಯವು ಹೇರಳ. ಇಲ್ಲಿ ಹೆಂಡತಿ ಎದುರಾಳಿಯ ಹೆಸರನ್ನು ನಾಲ್ಕು ಸಲ, ಮಂತ್ರ ಪಠಿಸಿದ ಹಾಗೆ, ಏರುಸ್ವರದಲ್ಲಿ ಕರೆಯುತ್ತಾಳೆ. ಬೇಡಿಕೊಳ್ಳುತ್ತಾಳೆ. ಅವಳ ಕೂದಲು, ಮೈಬಣ್ಣ, ಕಣ್ಣು ಎಲ್ಲವನ್ನೂ ಹೊಗಳುತ್ತಾಳೆ. ಗಂಡ ನಿದ್ದೆಯಲ್ಲಿ ಆ ಹೆಸರು ಕನವರಿಸುತ್ತಾನೆ ಎಂಬ ಒಂದು ವಿವರ ಬಿಟ್ಟರೆ ಅವನ ಬಗ್ಗೆ ನಮಗೇನೂ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಇಡೀ ನಾಟಕ ಇಬ್ಬರು ಹೆಂಗಸರ ನಡುವೆ. ಜೋಲೀನ್ ಏನೆಂದಳು? ಹಾಡು ಹೇಳುವುದಿಲ್ಲ. ಸ್ವಾರಸ್ಯವಿಲ್ಲದ ಮೂಲವೊಂದು ಇದಕ್ಕಿದೆ: ಗಂಡ ಕಾರ್ಲ್ ಡೀನ್ ಮೇಲೆ ಬ್ಯಾಂಕಿನ ಹುಡುಗಿಯೊಬ್ಬಳು ಕಣ್ಣು ಹಾಕಿದ್ದಳಂತೆ, ಹೆಸರು ಮಾತ್ರ ಹಸ್ತಾಕ್ಷರ ಕೇಳಲು ಬಂದ ಕೆಂಗೂದಲಿನ ಒಂದು ಮಗುವಿನದು. ಅಷ್ಟು ಸಣ್ಣ ಸಾಮಗ್ರಿಯಿಂದ ಇಷ್ಟು ದೊಡ್ಡ ಭಯವನ್ನು ಕಟ್ಟಿದವರನ್ನು ಕವಿ ಎನ್ನಲು ನಿಮಗೇಕೆ ಸಂಕೋಚವೋ ಕಾಣೆ.

ಪಾಪ್‌ಗೆ ಹಾರಿದ ಆರೋಪಕ್ಕೆ ಬಂದರೆ, ನೀವು ಕಥೆಯನ್ನು ನಡುವಿನಿಂದ ಎತ್ತಿಕೊಂಡಿದ್ದೀರಿ. ಮಾನ್ಯುಮೆಂಟ್ ರೆಕಾರ್ಡ್ ಕಂಪನಿ ಡಾಲಿಯನ್ನು ಮೊದಲು ಸೇರಿಸಿಕೊಂಡದ್ದೇ ಪಾಪ್ ಗಾಯಕಿಯಾಗಿ. ಆ ತೆಳು ಏರುದನಿ ಕಂಟ್ರಿಗೆ ಒಗ್ಗದು ಎಂಬುದು ಅವರ ಎಣಿಕೆ. ಮಾವ-ಸೊಸೆ ಬರೆದ ಹಾಡೊಂದನ್ನು 1966ರಲ್ಲಿ ಬಿಲ್ ಫಿಲಿಪ್ಸ್ ಹಾಡಿ ಗೆದ್ದ ಮೇಲಷ್ಟೇ ಕಂಟ್ರಿ ಹಾಡಲು ಬಿಟ್ಟರು. 1977ರ ‘ಹಿಯರ್ ಯೂ ಕಮ್ ಅಗೇನ್’ ಬೇರೆಯವರ ರಚನೆ, ನಿಜ. ಬ್ಯಾರಿ ಮ್ಯಾನ್ ಮತ್ತು ಸಿಂಥಿಯಾ ವೈಲ್ ಅವರದು. ಪಾಪ್ ಪಟ್ಟಿಯಲ್ಲಿ ಮೂರನೆಯ ಸ್ಥಾನ ಮುಟ್ಟಿತು. ಕಂಟ್ರಿಯ ಗುರುತಾಗಿ ಸ್ಟೀಲ್ ಗಿಟಾರ್ ಕೇಳಿಸಲೇಬೇಕು ಎಂದು ಡಾಲಿ ಹಟ ಹಿಡಿದು ಅದರಲ್ಲಿ ಹಾಕಿಸಿದರು. ಮರುವರ್ಷ ಕಂಟ್ರಿ ಸಂಘದವರೇ ವರ್ಷದ ಕಲಾವಿದೆ ಎಂದು ಪ್ರಶಸ್ತಿ ಕೊಟ್ಟರು. ಬಿಟ್ಟು ಓಡಿದವರಿಗೆ ಹಾರ ಹಾಕುವುದುಂಟೆ? ಇನ್ನು ‘ನೈನ್ ಟು ಫೈವ್’. ಜೇನ್ ಫಾಂಡಾ, ಲಿಲಿ ಟಾಮ್ಲಿನ್ ಜೊತೆಗಿನ 1980ರ ಆ ಚಿತ್ರದಲ್ಲಿ ನಟಿಸಲು ಡಾಲಿ ಒಡ್ಡಿದ ಷರತ್ತು ಶೀರ್ಷಿಕೆ ಗೀತೆ ತಾನೇ ಬರೆಯಬೇಕೆಂಬುದು. ಉದ್ದುದ್ದ ಕೃತಕ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರೆ ಟೈಪ್‌ರೈಟರ್ ಸದ್ದು ಬರುವುದನ್ನು ಶೂಟಿಂಗ್ ಬಿಡುವಿನಲ್ಲಿ ಕಂಡುಕೊಂಡು ಅದನ್ನೇ ತಾಳ ಮಾಡಿಕೊಂಡರು. ದುಡಿಸಿಕೊಂಡು ಹೆಸರು ಕೊಡದ ಯಜಮಾನನ ಬಗ್ಗೆ ಆ ಕುಣಿಯುವ ಹಾಡಿನಲ್ಲಿರುವ ಸಿಟ್ಟು ಸಾಮಾನ್ಯದ್ದಲ್ಲ.

ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ಎಂಬತ್ತರ ದಶಕದ ಹಲವು ಆಲ್ಬಂಗಳು ಸಿಂಥಸೈಸರಿನ ಸಕ್ಕರೆ ಪಾಕ. ಸಿಲ್ವೆಸ್ಟರ್ ಸ್ಟಲೋನ್ ಜೊತೆಗಿನ 1984ರ ಚಿತ್ರವನ್ನು ಸಮರ್ಥಿಸುವ ಶಕ್ತಿ ನನಗಿಲ್ಲ. ವಿಗ್ಗಿನ ಬಗ್ಗೆ ಡಾಲಿಯವರೇ ನಮ್ಮಿಬ್ಬರಿಗಿಂತ ಚೆನ್ನಾಗಿ ತಮಾಷೆ ಮಾಡಿಕೊಂಡಿದ್ದಾರೆ: ಇಷ್ಟು ಅಗ್ಗವಾಗಿ ಕಾಣಲು ತುಂಬಾ ಖರ್ಚಾಗುತ್ತದೆ ಎನ್ನುವುದು ಅವರ ಹಳೆಯ ಮಾತು. 1986ರಲ್ಲಿ ಶುರುವಾದ ಡಾಲಿವುಡ್ ಪಾರ್ಕು ಅವರ ಹುಟ್ಟೂರ ಸೀಮೆಯಲ್ಲೇ ಇದೆ, ಅಲ್ಲಿನವರಿಗೆ ಕೆಲಸ ಕೊಟ್ಟಿದೆ. ಓದು ಬಾರದ ಅಪ್ಪನ ಗೌರವಾರ್ಥವಾಗಿ 1995ರಲ್ಲಿ ಅದೇ ಕೌಂಟಿಯ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಕಳಿಸಲು ತೊಡಗಿದ ಯೋಜನೆ ಐದು ದೇಶಗಳಿಗೆ ಹಬ್ಬಿ ಇಪ್ಪತ್ತು ಕೋಟಿ ಪುಸ್ತಕ ದಾಟಿದೆ. ಅದಕ್ಕೂ ಕವಿತ್ವಕ್ಕೂ ಸಂಬಂಧವಿಲ್ಲ ಎಂದು ನೀವೆಂದರೆ ನಾನು ಜಗಳವಾಡುವುದಿಲ್ಲ.

ಎಲ್ಲಿಂದ ಶುರು ಎಂದಿರಲ್ಲ. 1971ರ ‘ಕೋಟ್ ಆಫ್ ಮೆನಿ ಕಲರ್ಸ್’ ಆಲ್ಬಂನಿಂದ. ಅದರ ಶೀರ್ಷಿಕೆ ಗೀತೆಯನ್ನು, ಅಮ್ಮ ಚಿಂದಿ ಜೋಡಿಸಿ ಹೊಲಿದ ಕೋಟಿಗೆ ಶಾಲೆಯ ಮಕ್ಕಳು ನಕ್ಕ ಕಥೆಯನ್ನು, ಡಾಲಿ ಪ್ರಯಾಣದ ಬಸ್ಸಿನಲ್ಲಿ ಪೋರ್ಟರ್‌ನ ಡ್ರೈ ಕ್ಲೀನಿಂಗ್ ರಸೀದಿಯ ಮೇಲೆ ಗೀಚಿಕೊಂಡಿದ್ದರು. ನಂತರ ಎಂಬತ್ತರ ದಶಕವನ್ನು ಹಾರಿಸಿ 1999ರ ‘ದಿ ಗ್ರಾಸ್ ಈಸ್ ಬ್ಲೂ’ಗೆ ಬನ್ನಿ. ಡ್ರಮ್ಸಿಲ್ಲ, ಬ್ಯಾಂಜೋ, ಪಿಟೀಲು, ಐವತ್ತು ದಾಟಿದ ದನಿ. ಕೊನೆಗೆ ಆ ಅಗಲಿಕೆಯ ಹಾಡನ್ನು 1974ರದ್ದು ಮೊದಲು, 1992ರದ್ದು ಆಮೇಲೆ ಕೇಳಿ. ಡಾಲಿ ಕೊನೆಯ ಚರಣವನ್ನು ಹಾಡುವುದಿಲ್ಲ, ಮಾತಿನಲ್ಲಿ ಹೇಳುತ್ತಾರೆ. ಆ ಚರಣವಿಲ್ಲದ, ಲಿಂಡಾ ರಾನ್‌ಸ್ಟಾಟ್ ಎಂಬ ಇನ್ನೊಬ್ಬ ಗಾಯಕಿಯ ರೆಕಾರ್ಡನ್ನು ಇಟ್ಟುಕೊಂಡು ಹೊರಟಿದ್ದ ವಿಟ್ನಿಯ ನಿರ್ಮಾಪಕ ಡೇವಿಡ್ ಫಾಸ್ಟರ್‌ಗೆ, ಇನ್ನೊಂದು ಚರಣ ಇದೆಯಲ್ಲ ಎಂದು ಎಚ್ಚರಿಸಿ ಸೇರಿಸಿಕೊಳ್ಳುವಂತೆ ಮಾಡಿದವರೂ ಡಾಲಿಯೇ.

ಕೇಳಿದ ಮೇಲೂ ಅಭಿಪ್ರಾಯ ಬದಲಾಗದಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಒಂದೇ ಪುಟ, ಅದಕ್ಕಿಂತ ಹೆಚ್ಚಿಲ್ಲ.

ಸಂಪಾದಕ