ಓದುಗರ ಪ್ರಶ್ನೆ, ಫುಟ್‌ಬಾಲ್ ಉತ್ತರ: ಕೈಬಿಟ್ಟ ಹುಡುಗರ ಲೆಕ್ಕ

ಪ್ರಶ್ನೆ: ಬೆಲ್ಜಿಯಂನ ಡಿ ಬ್ರೂಯ್ನ್, ಈಜಿಪ್ಟ್‌ನ ಸಲಾ ಇಬ್ಬರನ್ನೂ ಲಂಡನ್ನಿನ ಚೆಲ್ಸಿ ಕ್ಲಬ್ ಬಿಟ್ಟುಕೊಟ್ಟಿತು. ಅಲ್ಲಿಯವರಿಗೆ ಕಣ್ಣಿರಲಿಲ್ಲವೇ?
– ಓದುಗರೊಬ್ಬರು, ತಿಲಕವಾಡಿ, ಬೆಳಗಾವಿ

ಕಣ್ಣಿತ್ತು, ತಾಳ್ಮೆ ಇರಲಿಲ್ಲ. 2012ರ ಜನವರಿಯಲ್ಲಿ ಗೆಂಕ್ ಕ್ಲಬ್ಬಿನಿಂದ ಡಿ ಬ್ರೂಯ್ನ್ ಅವರನ್ನು ಸುಮಾರು 70 ಲಕ್ಷ ಪೌಂಡಿಗೆ ಹುಡುಕಿ ತಂದದ್ದು ಚೆಲ್ಸಿಯೇ. ಲೋನ್ ಮೇಲೆ, ಅಂದರೆ ಎರವಲಾಗಿ, ಜರ್ಮನಿಯ ವೆರ್ಡರ್ ಬ್ರೆಮೆನ್‌ಗೆ ಕಳಿಸಿದರೆ ಅಲ್ಲಿ ಲೀಗ್‌ನಲ್ಲಿ 10 ಗೋಲು ಹೊಡೆದು ಬಂದರು. ಬಂದ ಮೇಲೆ ಸಿಕ್ಕಿದ್ದು ಮೂರೇ ಲೀಗ್ ಪಂದ್ಯ. 2014ರ ಜನವರಿಯಲ್ಲಿ ವೋಲ್ಫ್ಸ್‌ಬರ್ಗ್‌ಗೆ ಸುಮಾರು 1.8 ಕೋಟಿ ಪೌಂಡಿಗೆ ಮಾರಾಟ. ಖಾತೆ ಪುಸ್ತಕದಲ್ಲಿ ಅದು ಲಾಭವೇ. ಮರುವರ್ಷ ಮ್ಯಾಂಚೆಸ್ಟರ್ ಸಿಟಿ ಅದರ ಮೂರು ಪಟ್ಟು ಸುರಿದಾಗ ನಷ್ಟ ಎಷ್ಟೆಂದು ಗೊತ್ತಾಯಿತು. ಅದೇ ಜನವರಿಯಲ್ಲಿ ಬಾಸೆಲ್‌ನಿಂದ ಬಂದ ಸಲಾಗೆ 13 ಲೀಗ್ ಪಂದ್ಯ, ಎರಡು ಗೋಲು. ಫಿಯೊರೆಂಟಿನಾ, ರೋಮಾ ಸುತ್ತಿ 2017ರಲ್ಲಿ ಲಿವರ್‌ಪೂಲ್ ಸೇರಿದವರು ಮೊದಲ ಲೀಗ್ ಸೀಸನ್ನಿನಲ್ಲೇ 32 ಗೋಲು ಹೊಡೆದರು.

21-22 ವಯಸ್ಸಿನ ಹುಡುಗನಿಗೆ ಬೇಕಾದದ್ದು ವಾರ ವಾರ ಪೂರ್ತಿ 90 ನಿಮಿಷ. ಈ ವರ್ಷವೇ ಕಪ್ ಬೇಕೆನ್ನುವ ತಂಡದಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಮಾರಿದ್ದನ್ನು ನಾವು ತಪ್ಪೆನ್ನುವುದಿಲ್ಲ. ಹಗ್ಗದ ತುದಿ ಕೈಯಲ್ಲಿಟ್ಟುಕೊಳ್ಳದೆ ಮಾರಿದ್ದು ತಪ್ಪು. ರಿಯಲ್ ಮ್ಯಾಡ್ರಿಡ್ ನೋಡಿ. 2014ರಲ್ಲಿ ಮೊರಾಟಾ ಅವರನ್ನು 2 ಕೋಟಿ ಯೂರೊಗೆ ಯುವೆಂಟಸ್‌ಗೆ ಕೊಡುವಾಗಲೇ ಮರುಖರೀದಿಯ ಷರತ್ತು ಬರೆಸಿತ್ತು. 2016ರಲ್ಲಿ 3 ಕೋಟಿ ಕೊಟ್ಟು ವಾಪಸ್ ತಂದು, ಮರುವರ್ಷ ದುಪ್ಪಟ್ಟು ಬೆಲೆಗೆ ಮಾರಿತು. ಕೊಂಡವರು ಯಾರು? ಚೆಲ್ಸಿಯೇ!

ಪ್ರಶ್ನೆ: ಆಯ್ಕೆಯಲ್ಲಿ ಸಣ್ಣ ಮೈಕಟ್ಟಿನ ಜಾಣ ಹುಡುಗರು ಹೊರಗೇ ಉಳಿದುಬಿಡುತ್ತಾರೆ. ತಪ್ಪಿಸುವುದು ಹೇಗೆ?
– ದೈಹಿಕ ಶಿಕ್ಷಣ ಶಿಕ್ಷಕರು, ವಿಜಯಪುರ

ಇಂಗ್ಲೆಂಡಿನಲ್ಲಿ ವಯೋಗುಂಪಿನ ಲೆಕ್ಕ ಸೆಪ್ಟೆಂಬರ್ 1ರಿಂದ ಶುರು. ಇಂಗ್ಲೆಂಡಿನ ಗೋಲುಗಾರ ಹ್ಯಾರಿ ಕೇನ್ ಹುಟ್ಟಿದ್ದು ಜುಲೈ 28ಕ್ಕೆ. ಅಂದರೆ ತನ್ನ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗಿಂತ ಚಿಕ್ಕವ. ಆರ್ಸೆನಲ್ ಎಳವೆಯಲ್ಲೇ ಕೈಬಿಟ್ಟಿತು. ಮುಂದೆ ಪಕ್ಕದ ಟಾಟೆನ್‌ಹ್ಯಾಮ್‌ಗೆ ಸಾರ್ವಕಾಲಿಕ ಗರಿಷ್ಠ ಗೋಲುಗಾರನಾದ. ಮುಂದೆ ಇಂಗ್ಲೆಂಡ್ ತಂಡಕ್ಕೆ ಆಡಿದ ಜೇಮಿ ವಾರ್ಡಿಯನ್ನು ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ 16ನೇ ವಯಸ್ಸಿನಲ್ಲಿ ಕುಳ್ಳನೆಂದು ಕಳಿಸಿತ್ತು.

ಮೊದಲು ಪಟ್ಟಿಯನ್ನು ಹುಟ್ಟಿದ ತಿಂಗಳ ಪ್ರಕಾರ ಜೋಡಿಸಿ. ಜೆರ್ಸಿ ನಂಬರ್ ಅದೇ ಕ್ರಮದಲ್ಲಿರಲಿ: ಎಲ್ಲರಿಗಿಂತ ದೊಡ್ಡವನಿಗೆ 1, ಕಿರಿಯನಿಗೆ ಕೊನೆಯದು. ನೋಡುವವರಿಗೆ ಈ ಗುಟ್ಟು ಮೊದಲೇ ಹೇಳಿ. 18ನೇ ನಂಬರಿನವ ಓಟದಲ್ಲಿ ಹಿಂದೆ ಬಿದ್ದರೆ ಏಕೆಂದು ತಾನೇ ತಿಳಿಯುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ಪ್ರತಿಭೆ ಹುಡುಕುವ ಸ್ಕೌಟ್‌ಗಳ ಮೇಲೆ ಪ್ರಯೋಗಿಸಿ ಫಲ ಕಂಡ ಉಪಾಯವಿದು. ನಮ್ಮಲ್ಲಿ ಒಂದು ತೊಡಕಿದೆ: ಶಾಲೆಯ ದಾಖಲಾತಿಗೆಂದು ಹುಟ್ಟಿದ ದಿನ ಜೂನ್ 1 ಎಂದು ಬರೆಸಿದ ಹುಡುಗರು. ಆ ತಾರೀಖು ಕಂಡರೆ ಜನನ ಪ್ರಮಾಣಪತ್ರ ಕೇಳಿ.

ಎರಡನೆಯದು ಟೇಪು. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆಯೇ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ಎತ್ತರ ಅಳೆಯಿರಿ. ಎರಡು ಸಲ ಅಳೆದು ಸರಾಸರಿ ಬರೆಯಿರಿ. ಸಂಜೆ ಅಳೆದರೆ ಸುಮಾರು ಒಂದು ಸೆಂ.ಮೀ. ಕಡಿಮೆ ಬಂದು ಲೆಕ್ಕವೆಲ್ಲ ಕೆಡುತ್ತದೆ. ಹೆಚ್ಚಳವನ್ನು ನಾಲ್ಕರಿಂದ ಗುಣಿಸಿದರೆ ವರ್ಷದ ವೇಗ. ಅದು 7 ಸೆಂ.ಮೀ. ದಾಟಿದರೆ ಹುಡುಗ ದಿಢೀರ್ ಬೆಳವಣಿಗೆಯಲ್ಲಿದ್ದಾನೆ. ಕಾಲು ಉದ್ದವಾಗಿ ಹೆಜ್ಜೆ ತಪ್ಪುತ್ತದೆ, ನಿನ್ನೆಯವರೆಗೆ ನಿಲ್ಲುತ್ತಿದ್ದ ಚೆಂಡು ಇಂದು ಪುಟಿಯುತ್ತದೆ, ಮಂಡಿಚಿಪ್ಪಿನ ಕೆಳಗಿನ ಗಂಟು ನೋಯುತ್ತದೆ. ಆ ತಿಂಗಳುಗಳಲ್ಲಿ ಜಿಗಿತ, ಓಟದ ಸುತ್ತು ಕಡಿಮೆ ಮಾಡಿ. ತಂಡದಿಂದ ಮಾತ್ರ ತೆಗೆಯಬೇಡಿ.

ಆಯ್ಕೆಗೆ 100 ಮೀಟರ್ ಓಟ ಇಡಲೇಬೇಡಿ. 30×20 ಮೀಟರ್ ಅಂಗಳದಲ್ಲಿ ನಾಲ್ವರ ವಿರುದ್ಧ ನಾಲ್ವರು, ನಾಲ್ಕು ನಿಮಿಷದ ಆರು ಆಟ, ಪ್ರತಿ ಆಟಕ್ಕೂ ಜೊತೆಗಾರರು ಬೇರೆ. ಗೆದ್ದರೆ ತಂಡದ ಪ್ರತಿಯೊಬ್ಬನಿಗೂ 3, ಡ್ರಾ ಆದರೆ 1. ಯಾರ ಜೊತೆ ಹಾಕಿದರೂ ಅಂಕ ಕಟ್ಟುವ ಹುಡುಗ ಪಟ್ಟಿಯಲ್ಲಿ ತಾನಾಗಿ ಮೇಲೆ ಬರುತ್ತಾನೆ. ಚೆಂಡು ಬರುವ ಮೊದಲು ಅವನು ಹೆಗಲ ಮೇಲಿಂದ ಹಿಂದೆ ನೋಡುತ್ತಾನೆಯೇ ಎಂಬುದನ್ನೂ ಎಣಿಸಿ.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ಬೆಳೆದ ಹುಡುಗ ಮುಂದೆ ವಿದೇಶಕ್ಕೆ ಹೋದರೆ ನಮಗೇನಾದರೂ ಬರುತ್ತದೆಯೇ?
– ಕ್ಲಬ್ ಕಾರ್ಯದರ್ಶಿ, ನವನಗರ, ಬಾಗಲಕೋಟೆ

ಬರುತ್ತದೆ, ಕಾಗದ ಸರಿಯಿದ್ದರೆ. ಕರಾರು ಮುಗಿಯುವ ಮುನ್ನ ಆಟಗಾರ ದೇಶದಿಂದ ದೇಶಕ್ಕೆ ಹಣಕ್ಕೆ ಮಾರಾಟವಾದರೆ, ಫಿಫಾ ನಿಯಮದಂತೆ ಆ ಮೊತ್ತದ 5% ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆ. 12ರಿಂದ 15ರ ಪ್ರತಿ ಸೀಸನ್ನಿಗೆ 0.25%, 16ರಿಂದ 23ರವರೆಗೆ 0.5%. ನಿಮ್ಮಲ್ಲಿ 13, 14, 15ರ ಮೂರು ಸೀಸನ್ ಆಡಿದವ ಒಂದು ಕೋಟಿಗೆ ಹೋದರೆ ನಿಮ್ಮ ಪಾಲು 75,000 ರೂಪಾಯಿ. ಮುಂದೆ ಮತ್ತೆ ಹೀಗೆ ಮಾರಾಟವಾದರೆ ಮತ್ತೆ ಪಾಲು. ಕರಾರು ಮುಗಿಸಿ ಬಿಡುಗಡೆಯಾಗಿ ಹೋದವನಿಂದ ಈ ಬಾಬ್ತಿನಲ್ಲಿ ಸೊನ್ನೆ, ಏಕೆಂದರೆ ಅಲ್ಲಿ ಮಾರಾಟದ ಮೊತ್ತವೇ ಇಲ್ಲ.

ಹೆಚ್ಚಿನವರು ಎಡವುವುದು ನೋಂದಣಿಯಲ್ಲಿ. ಆಟಗಾರನ ಪಾಸ್‌ಪೋರ್ಟ್ ಎಂಬ ದಾಖಲೆಯಲ್ಲಿ ನಿಮ್ಮ ಕ್ಲಬ್ಬಿನ ಹೆಸರಿರಬೇಕಾದರೆ, ಅವನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಆನ್‌ಲೈನ್ ವ್ಯವಸ್ಥೆಯಲ್ಲಿ ಆ ವರ್ಷವೇ ನಿಮ್ಮ ಆಟಗಾರನೆಂದು ದಾಖಲಾಗಿರಬೇಕು. ಟೂರ್ನಿಯ ಹಾರ ಹಾಕಿದ ಫೋಟೊ ಸಾಕ್ಷಿಯಾಗುವುದಿಲ್ಲ. ಆಧಾರ್, ಟಿಸಿ, ಜನನ ಪತ್ರ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ತಂದೆಯ ಹೆಸರು, ಅಡ್ಡಹೆಸರು ಹಿಂದುಮುಂದಾದರೆ ಒಬ್ಬನೇ ಇಬ್ಬರಾಗುತ್ತಾನೆ.

ಪ್ರಶ್ನೆ: ಸುನಿಲ್ ಚೆಟ್ರಿಯನ್ನು ಕೈಬಿಟ್ಟ ಕ್ಲಬ್ ಯಾವುದು?
– ಓದುಗರು, ಗೋಕಾಕ

ಒಂದೇ ಆಗಿದ್ದರೆ ಹೇಳಬಹುದಿತ್ತು! 2002ರಲ್ಲಿ ಮೋಹನ್ ಬಾಗನ್, ಆಮೇಲೆ ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಚಿರಾಗ್, ಮತ್ತೆ ಮೋಹನ್ ಬಾಗನ್. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಇಲ್ಲಿ ನೆಲೆ ನಿಂತರು. ಆ ಮೊದಲ ಸೀಸನ್ನಿನಲ್ಲೇ ಆಗಿನ ರಾಷ್ಟ್ರೀಯ ಅಗ್ರ ಲೀಗ್ ಐ-ಲೀಗ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ ಆಟಗಾರನ ಬದಲು ಕ್ಲಬ್ಬೇ ಕೈತಪ್ಪುವುದುಂಟು. ಮಹೀಂದ್ರ ಯುನೈಟೆಡ್ 2010ರಲ್ಲಿ, ಜೆಸಿಟಿ 2011ರಲ್ಲಿ ತಂಡ ಮುಚ್ಚಿದವು. 2016ರಲ್ಲಿ ಗೋವಾದ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಮೂರೂ ಐ-ಲೀಗ್‌ನಿಂದ ಹಿಂದೆ ಸರಿದವು. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಟ್ರಯಲ್ಸ್‌ಗೆ ಹೋಗುವ ನಿಮ್ಮೂರ ಹುಡುಗರು ಬಸ್ ಹತ್ತುವ ಮೊದಲು ಆ ಕ್ಲಬ್ ಈ ಸೀಸನ್ನಿನಲ್ಲಿ ಯಾವ ಲೀಗ್ ಆಡುತ್ತಿದೆ, ಅವರ ವಯೋಗುಂಪಿನ ತಂಡ ಇದೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಲಿ.