ನುಡಿ ಸಂದೇಹ: ‘ಡಾಕ್’ ಒಂದು, ಬೇರು ನಾಲ್ಕು

‘ಡಾಕ್’ ಎಂಬ ಇಂಗ್ಲಿಷ್ ಪದದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಮುಂಬಯಿಯಲ್ಲಿರುವ ಕನ್ನಡಿಗರಿಗೆ ಇದು ದಿನಾ ಕಿವಿಗೆ ಬೀಳುವ ಪದ.

ಪ್ರಶ್ನೆ: ಹಡಗು ನಿಲ್ಲುವ ಜಾಗವೂ ಡಾಕ್, ಕೋರ್ಟಿನಲ್ಲಿ ಆರೋಪಿ ನಿಲ್ಲುವ ಜಾಗವೂ ಡಾಕ್, ಪಗಾರ ಮುರಿಯುವುದೂ ಡಾಕ್. ‘ಹಡಗನ್ನು ಕಟ್ಟಿ ನಿಲ್ಲಿಸಿದ ಹಾಗೆ ಆರೋಪಿಯನ್ನೂ ಕಟ್ಟಿ ನಿಲ್ಲಿಸುತ್ತಾರೆ, ಅದಕ್ಕೇ ಒಂದೇ ಪದ’ ಎಂದು ಹತ್ತನೆಯ ತರಗತಿಯ ನಮ್ಮ ಮಗಳಿಗೆ ಟ್ಯೂಷನ್ನಿನಲ್ಲಿ ಹೇಳಿಕೊಟ್ಟಿದ್ದಾರೆ. ಇದು ಸರಿಯೇ? — ಡೊಂಬಿವಲಿಯ ಓದುಗರು

ಉತ್ತರ: ಸರಿಯಲ್ಲ. ನೀವು ಹೇಳಿದ ಮೂರರ ಜೊತೆಗೆ ಇನ್ನೊಂದು ಡಾಕ್ ಇದೆ, ನಾಲ್ಕೂ ಬೇರೆ ಬೇರೆ ಪದಗಳು. ಬರಹದಲ್ಲೂ ಉಚ್ಚಾರದಲ್ಲೂ ಒಂದೇ ಆಗಿ ನಿಂತಿವೆ, ಅಷ್ಟೆ. ಕನ್ನಡದಲ್ಲಿ ‘ಬೆಳಿಗ್ಗೆ ಏಳು ಗಂಟೆಗೆ ಏಳು’ ಎನ್ನುತ್ತೇವೆ. ಎಣಿಕೆಯ ಏಳಕ್ಕೂ ಹಾಸಿಗೆಯಿಂದ ಏಳುವುದಕ್ಕೂ ನಂಟು ಕಲ್ಪಿಸಿ ನಾವು ಯಾರೂ ಕತೆ ಕಟ್ಟುವುದಿಲ್ಲ. ಇಂಗ್ಲಿಷ್ ಪದ ಎದುರಾದಾಗ ಮಾತ್ರ ಅದಕ್ಕೊಂದು ಕತೆ ಇರಲೇಬೇಕು ಅನ್ನಿಸಿಬಿಡುತ್ತದೆ.

ಹಡಗಿನ ಡಾಕ್ ಡಚ್ಚರ ಕಡೆಯಿಂದ ಇಂಗ್ಲಿಷಿಗೆ ಬಂದ ಪದ. ಇಳಿತದ ಹೊತ್ತಿನಲ್ಲಿ ಹಡಗು ಕೆಸರಿನ ಮೇಲೆ ಕೂತಾಗ ಅದರ ತಳ ಕೊರೆಯುವ ತಗ್ಗಿಗೆ ಮೊದಲು ಈ ಹೆಸರಿತ್ತು ಎಂದು ವಿದ್ವಾಂಸರು ಊಹಿಸುತ್ತಾರೆ. ಕೋರ್ಟಿನ ಡಾಕ್ ಫ್ಲೆಮಿಷ್ ಭಾಷೆಯದು. ಅಲ್ಲಿ ‘ಡೊಕ್’ ಎಂದರೆ ಕೋಳಿ, ಮೊಲಗಳನ್ನು ಕೂಡಿಹಾಕುವ ಗೂಡು. 16ನೆಯ ಶತಮಾನದ ಕೊನೆಯಲ್ಲಿ ಅದು ಇಂಗ್ಲೆಂಡಿನ ಕಳ್ಳಕಾಕರ ಬಾಯಲ್ಲಿ ಕೋರ್ಟಿನ ಕಂಬಿಗೆ ಅಡ್ಡಹೆಸರಾಯಿತು. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮರಾಠಿ ಪತ್ರಿಕೆಗಳು ಇಂದಿಗೂ ‘ಆರೋಪೀಚ್ಯಾ ಪಿಂಜರ್‍ಯಾತ್’ ಎಂದೇ ಬರೆಯುತ್ತವೆ. ಫ್ಲೆಮಿಷ್ ಗೂಡೂ ಮರಾಠಿ ಪಂಜರವೂ ಒಂದನ್ನೊಂದು ನೋಡಿ ಹುಟ್ಟಿದವಲ್ಲ. ಸುತ್ತ ಕಂಬಿ, ಒಳಗೆ ಮನುಷ್ಯ ಎಂಬ ನೋಟ ಇಬ್ಬರಿಗೂ ಒಂದೇ ಹೋಲಿಕೆಯನ್ನು ತಂದುಕೊಟ್ಟಿದೆ. ಕನ್ನಡದಲ್ಲಿ ‘ಕಟಕಟೆ’ ಎನ್ನಿ. ಆದರೆ ಸಾಕ್ಷಿ ಹೇಳುವವರು ನಿಲ್ಲುವ ಜಾಗಕ್ಕೆ ಇಂಗ್ಲಿಷಿನಲ್ಲಿ ಡಾಕ್ ಎನ್ನುವುದಿಲ್ಲ. ಕನ್ನಡದ ಕಟಕಟೆ ಇಬ್ಬರಿಗೂ ಸಲ್ಲುತ್ತದೆ, ಹಾಗಾಗಿ ಅನುವಾದಿಸುವಾಗ ‘ಆರೋಪಿಯ ಕಟಕಟೆ’ ಎಂದು ಬಿಡಿಸಿ ಬರೆಯುವುದು ಒಳ್ಳೆಯದು.

ಮೂರನೆಯದು ಬಾಲದ್ದು. ಪ್ರಾಣಿಯ ಬಾಲದಲ್ಲಿ ಕೂದಲು ಬಿಟ್ಟು ಒಳಗಿನ ಗಟ್ಟಿ ಭಾಗಕ್ಕೆ 14ನೆಯ ಶತಮಾನದ ಇಂಗ್ಲಿಷಿನಲ್ಲಿ ‘ಡೊಕ್’ ಎಂಬ ಹೆಸರಿತ್ತು. ಅದರಿಂದ ಬಾಲ ಕತ್ತರಿಸು ಎಂಬ ಕ್ರಿಯಾಪದ, ಮುಂದೆ ಏನನ್ನೇ ಆದರೂ ಮೊಟಕುಗೊಳಿಸು, ಆಮೇಲೆ ಪಗಾರ ಮುರಿ. ಇಲ್ಲಿ ಮಾತ್ರ ಅರ್ಥದಿಂದ ಅರ್ಥ ಹುಟ್ಟಿದೆ, ಬಾಲಕ್ಕೂ ಪಗಾರಕ್ಕೂ ನಿಜವಾದ ನಂಟಿದೆ. ನಾಲ್ಕನೆಯದು ಒಂದು ಸೊಪ್ಪಿನ ಹೆಸರು. ನಾಲ್ಕರಲ್ಲಿ ಹಳೇ ಇಂಗ್ಲಿಷಿನ ಕಾಲದಿಂದಲೂ ಬರಹದಲ್ಲಿ ಸಿಗುವ ಹಿರಿಯ ಪದ ಇದೇ. ಅದನ್ನು ಕೊನೆಯ ಪ್ರಶ್ನೆಗೆ ಇಟ್ಟುಕೊಳ್ಳೋಣ.

ಮಗಳಿಗೆ ನಿಘಂಟು ನೋಡುವ ಕ್ರಮವನ್ನು ಹೀಗೆ ತೋರಿಸಿ. ಮುಖ್ಯಪದದ ಹೆಗಲ ಮೇಲೆ ಪುಟ್ಟ ಅಂಕಿ ಇದೆಯೇ ಎಂದು ಮೊದಲು ನೋಡಲಿ. ಇದ್ದರೆ, ಒಂದೊಂದು ಅಂಕಿಗೂ ಒಂದೊಂದು ಬೇರೆ ಪದ ಎಂದು ತಿಳಿಯಬೇಕು. ಪದದ ಕೆಳಗೆ ಸಾಲಾಗಿ ಬರುವ 1, 2, 3 ಹಾಗಲ್ಲ, ಅವು ಒಂದೇ ಪದದ ಅರ್ಥಗಳು, ಒಂದರಿಂದ ಇನ್ನೊಂದು ಕವಲೊಡೆದವು. ಮಕ್ಕಳು ತಪ್ಪುವುದೇ ಈ ಎರಡು ಬಗೆಯ ಅಂಕಿಗಳನ್ನು ಒಂದೆಂದು ಎಣಿಸಿ. ಆಮೇಲೆ ಕೊನೆಯಲ್ಲಿ ಚೌಕ ಕಂಸದೊಳಗಿರುವ ಮೂಲವನ್ನು ಓದಲಿ. ಪಾಕೆಟ್ ನಿಘಂಟುಗಳಲ್ಲಿ ಸಾಮಾನ್ಯವಾಗಿ ಅದನ್ನು ಬಿಟ್ಟಿರುತ್ತಾರೆ, ದೊಡ್ಡದೇ ಬೇಕು. ಒಂದು ನಿಘಂಟಿನ ಡಾಕ್ 1 ಇನ್ನೊಂದರಲ್ಲಿ ಡಾಕ್ 2 ಆಗಿರಬಹುದು. ಕೆಲವರು ಹಳೆಯ ಪದವನ್ನು ಮೊದಲಿಡುತ್ತಾರೆ, ಕೆಲವರು ಬಳಕೆ ಹೆಚ್ಚಿರುವುದನ್ನು. ಹಾಗಾಗಿ ಅಂಕಿಯನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಕನ್ನಡದಲ್ಲೂ ಈ ಪದ್ಧತಿ ಹಳೆಯದೇ. 1894ರ ಕಿಟೆಲ್ ನಿಘಂಟು ಒಂದೇ ರೂಪದ ಬೇರೆ ಬೇರೆ ಪದಗಳನ್ನು ಅಂಕಿ ಕೊಟ್ಟೇ ಬಿಡಿಸಿಡುತ್ತದೆ.

ಪ್ರಶ್ನೆ: ಡಾಕ್ ಬಂಗಲೆ, ಡಾಕ್‌ಯಾರ್ಡ್ ಎರಡರಲ್ಲೂ ಇರುವ ‘ಡಾಕ್’ ಒಂದೇ ತಾನೆ? — ಠಾಣೆಯ ಓದುಗರು

ಉತ್ತರ: ಅಲ್ಲ. ಬಂಗಲೆಯ ಡಾಕ್ ಹಿಂದಿಯದು, ಅರ್ಥ ಅಂಚೆ. ಅಂಚೆಯ ದಾರಿಯಲ್ಲಿ ಪ್ರಯಾಣಿಕರು ತಂಗಲು ಕಟ್ಟಿದ ಮನೆ ಡಾಕ್ ಬಂಗಲೆ. ಗೊಂದಲ ನಮ್ಮ ಲಿಪಿಯಿಂದ ಆಗಿದೆ. ಹಾರ್ಬರ್ ಲೈನಿನ ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನ ಹೆಸರನ್ನು ದೇವನಾಗರಿಯಲ್ಲಿ ಬರೆಯುವಾಗ ‘ಡಾ’ದ ನೆತ್ತಿಯ ಮೇಲೆ ಅರ್ಧಚಂದ್ರ ಇಡುತ್ತಾರೆ, ಅಂಚೆಯ ಡಾಕಿಗೆ ಅದಿಲ್ಲ. ಕನ್ನಡದಲ್ಲಿ ಆ ಚಿಹ್ನೆ ಬಳಕೆಯಲ್ಲಿಲ್ಲದ್ದರಿಂದ ಎರಡೂ ‘ಡಾಕ್’ ಆಗಿಬಿಡುತ್ತವೆ.

ಪ್ರಶ್ನೆ: ಡಾಕ್, ವಾರ್ಫ್, ಪಿಯರ್, ಜೆಟ್ಟಿ, ಡ್ರೈ ಡಾಕ್ ಇವುಗಳ ನಡುವೆ ಏನು ವ್ಯತ್ಯಾಸ? ಕನ್ನಡದಲ್ಲಿ ಬರೆಯುವಾಗ ಎಲ್ಲಕ್ಕೂ ‘ಬಂದರು’ ಎಂದರೆ ಸಾಲದೇ? — ಮಝಗಾಂವ್‌ನ ಓದುಗರು

ಉತ್ತರ: ಸಾಲದು. ಬಂದರು ಎಂದರೆ ಇಡೀ ಊರುಕೇರಿ, ಡಾಕ್ ಅದರೊಳಗಿನ ಒಂದು ಅಂಗಳ. ಬ್ರಿಟಿಷ್ ಬಳಕೆಯಲ್ಲಿ ಡಾಕ್ ಎಂದರೆ ಗೋಡೆ ಕಟ್ಟಿ ಆವರಿಸಿದ ನೀರು. ಅದರ ದಡದಲ್ಲಿ ಸಾಮಾನು ಇಳಿಸುವ ಕಟ್ಟೆ ವಾರ್ಫ್. ದಡದಿಂದ ನೀರಿನೊಳಕ್ಕೆ ಚಾಚಿಕೊಂಡದ್ದು ಪಿಯರ್. ಜೆಟ್ಟಿಯೂ ಚಾಚಿದ್ದೇ, ಸಾಮಾನ್ಯವಾಗಿ ಚಿಕ್ಕದು. ಅಮೆರಿಕದವರು ಪಿಯರನ್ನೂ ಡಾಕ್ ಎನ್ನುತ್ತಾರೆ. ಅಲ್ಲಿನ ಬರಹದಲ್ಲಿ ಯಾರಾದರೂ ‘ಡಾಕಿನ ಮೇಲೆ ನಡೆದರು’ ಎಂದಿದ್ದರೆ ಅದು ಮರದ ಅಟ್ಟಣೆ, ನೀರಲ್ಲ.

ಮುಂಬಯಿಗೆ ಗೋಡೆ ಕಟ್ಟಿದ ಡಾಕ್ ಬೇಕಾದದ್ದು ಇಲ್ಲಿನ ಭರತ ಇಳಿತದಿಂದ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರಿನ ಏರಿಳಿತ 4 ಮೀಟರನ್ನೂ ಮೀರುತ್ತದೆ. ಬಯಲು ಕಟ್ಟೆಗೆ ಕಟ್ಟಿದ ಹಡಗು ಆರು ಗಂಟೆಯಲ್ಲಿ ಒಂದು ಮಹಡಿಯಷ್ಟು ಕೆಳಗಿಳಿದರೆ ಸಾಮಾನು ಇಳಿಸುವುದು ಹೇಗೆ? ಅದಕ್ಕೇ ಭರತದಲ್ಲಿ ಬಾಗಿಲು ತೆರೆದು ಹಡಗನ್ನು ಒಳಗೆ ಬಿಟ್ಟುಕೊಂಡು, ನೀರು ಇಳಿಯುವ ಮೊದಲು ಬಾಗಿಲು ಹಾಕುವುದು. ಒಳಗಿನ ನೀರು ಒಳಗೇ ಉಳಿಯುತ್ತದೆ. ಇದು ವೆಟ್ ಡಾಕ್. ಕೊಲಾಬಾದ ಸಸೂನ್ ಡಾಕ್ (1875), ಪ್ರಿನ್ಸಸ್ ಡಾಕ್ (1880), ವಿಕ್ಟೋರಿಯಾ ಡಾಕ್ (1888) ಈ ಜಾತಿಗೆ ಸೇರಿದವು. 1914ರ ಅಲೆಕ್ಸಾಂಡ್ರಾ ಡಾಕಿಗೆ, ಅಂದರೆ ಇಂದಿನ ಇಂದಿರಾ ಡಾಕಿಗೆ, ಎರಡು ಕಡೆ ಬಾಗಿಲಿರುವ ನಡುಕೋಣೆ ಇದೆ. ಹಡಗು ಅದರೊಳಗೆ ನಿಂತು ನೀರಿನ ಮಟ್ಟ ಸರಿಹೊಂದಿಸಿಕೊಳ್ಳುವುದರಿಂದ ಭರತಕ್ಕೆ ಕಾಯಬೇಕಾಗಿಲ್ಲ.

ಡ್ರೈ ಡಾಕಿನ ಕೆಲಸ ಇದಕ್ಕೆ ತಿರುಗುಮುರುಗು. ಅಲ್ಲಿ ಹಡಗನ್ನು ಒಳಗೆ ತಂದು ನೀರನ್ನೇ ಹೊರಹಾಕುತ್ತಾರೆ. ಮೊದಲು ಒಣ ನೆಲದ ಮೇಲೆ ದಿಮ್ಮಿಗಳನ್ನು ಸಾಲಾಗಿ ಜೋಡಿಸಬೇಕು. ಎಲ್ಲಿ ಇಡಬಹುದು, ಎಲ್ಲಿ ಇಡಬಾರದು ಎಂಬುದಕ್ಕೆ ಪ್ರತಿ ಹಡಗಿಗೂ ಅದರದೇ ನಕ್ಷೆ ಇರುತ್ತದೆ. ತಳದಲ್ಲಿ ನೀರೆಳೆಯುವ ಕಿಂಡಿಯೋ ತೂಬೋ ಇರುವಲ್ಲಿ ದಿಮ್ಮಿ ಬಂದರೆ ಹಾನಿ ಖಂಡಿತ. ಆಮೇಲೆ ನೀರು ತುಂಬಿ ಹಡಗನ್ನು ತಂದು ನಡುಗೆರೆಗೆ ಸರಿಯಾಗಿ ನಿಲ್ಲಿಸಬೇಕು. ಬಾಗಿಲು ಎಂದರೆ ಬಹುಮಟ್ಟಿಗೆ ತೇಲುವ ಟೊಳ್ಳು ಉಕ್ಕಿನ ಪೆಟ್ಟಿಗೆ. ಅದನ್ನು ತಂದು ಬಾಯಿಗೆ ಅಡ್ಡ ಹಿಡಿದು, ಪೆಟ್ಟಿಗೆಯೊಳಗೆ ನೀರು ತುಂಬಿದರೆ ಅದು ಮುಳುಗಿ, ಬಾಯಿಯಲ್ಲಿ ಕೊರೆದ ತೋಡಿನಲ್ಲಿ ಕೂರುತ್ತದೆ. ಆಮೇಲೆ ಪಂಪು. ಹಡಗಿನ ತಳ ದಿಮ್ಮಿಗೆ ಸಮೀಪಿಸುವಾಗ ಪಂಪಿನ ವೇಗ ತಗ್ಗಿಸಬೇಕು, ಅಪಾಯದ ಹೊತ್ತು ಅದು. ಸಾಮಾನ್ಯವಾಗಿ ಹಿಂಭಾಗ ಮೊದಲು ದಿಮ್ಮಿಗೆ ತಾಗುತ್ತದೆ. ಆಗ ಭಾರದ ಒಂದು ಪಾಲು ದಿಮ್ಮಿಯ ಮೇಲೆ, ಉಳಿದದ್ದು ನೀರಿನ ಮೇಲೆ. ಹಡಗಿನ ಸಮತೋಲ ಕುಗ್ಗುತ್ತದೆ. ಹಿಂದು ಮುಂದಿನ ಎತ್ತರದಲ್ಲಿ ವ್ಯತ್ಯಾಸ ಹೆಚ್ಚಿದ್ದಷ್ಟೂ ಈ ಹೊತ್ತು ಉದ್ದವಾಗುತ್ತದೆ, ಹಡಗು ಪಕ್ಕಕ್ಕೆ ವಾಲಿಬಿಡಬಹುದು. ಅದಕ್ಕೇ ಒಳಗೆ ತರುವ ಮೊದಲೇ ಟ್ಯಾಂಕುಗಳ ನೀರು, ಎಣ್ಣೆಯನ್ನು ಹೊಂದಿಸಿಕೊಳ್ಳುತ್ತಾರೆ. ದಿಮ್ಮಿಯ ಮೇಲೆ ಕೂತ ಜಾಗಕ್ಕೆ ಬಣ್ಣ ಬಳಿಯಲಾಗುವುದಿಲ್ಲ. ಮುಂದಿನ ಸಲ ದಿಮ್ಮಿಗಳನ್ನು ಕೊಂಚ ಸರಿಸಿ ಇಟ್ಟು ಆ ತೇಪೆಗಳಿಗೆ ಬಣ್ಣ ಕೊಡುತ್ತಾರೆ.

ಡಾಕ್‌ಯಾರ್ಡ್ ಮತ್ತೆ ಬೇರೆ, ಅದು ಹಡಗು ಕಟ್ಟುವ, ದುರಸ್ತಿ ಮಾಡುವ ಅಂಗಳ. 1736ರಲ್ಲಿ ಸೂರತ್‌ನಿಂದ ಬಂದ ಲವಜೀ ನಸರವಾನಜೀ ವಾಡಿಯಾ ಅವರ ಮನೆತನ ಮುಂಬಯಿ ಡಾಕ್‌ಯಾರ್ಡಿನಲ್ಲಿ ಕಟ್ಟಿದ ಹಡಗುಗಳಲ್ಲಿ 1817ರ ‘ಟ್ರಿಂಕೋಮಲೀ’ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಸಾಗುವಾನಿಯ ಹಡಗು ಅದು.

ಕನ್ನಡದಲ್ಲಿ ಬರೆಯುವವರಿಗೆ ನಮ್ಮ ಸಲಹೆ: ಡಾಕಿಗೆ ‘ಡಾಕ್’ ಎಂದೇ ಬರೆಯಿರಿ. ವಾರ್ಫಿಗೆ ಮಂಗಳೂರು ಕಡೆಯ ‘ದಕ್ಕೆ’ ಇದೆ, ದೋಣಿಗಳು ನಿಲ್ಲುವ ಭಾವುಚಾ ಧಕ್ಕಾ ಇರುವ ಮುಂಬಯಿಯಲ್ಲಿ ಅದು ಯಾರಿಗೂ ಹೊಸತಲ್ಲ. ಡಾಕಿಗೆ ಮರಾಠಿಯಲ್ಲಿರುವ ‘ಗೋದಿ’ ಮುಂಬಯಿ ಕನ್ನಡಿಗರ ಬಾಯಲ್ಲಿ ಸಲೀಸು, ಆದರೆ ಬರಹಕ್ಕೆ ಬೇಡ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದದ್ದನ್ನು ‘ಗೋದಿ ಸ್ಫೋಟ’ ಎಂದರೆ ಊರಿನಲ್ಲಿ ಕೂತು ಓದುವವರಿಗೆ ರೊಟ್ಟಿಯ ಗೋದಿಯೇ ಕಣ್ಣಮುಂದೆ ಬರುತ್ತದೆ.

ಪ್ರಶ್ನೆ: ಕಾರ್ಖಾನೆಯ ನೋಟಿಸನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊಬೈಲ್ ಆ್ಯಪ್ ‘ಎರಡು ದಿನದ ವೇತನವನ್ನು ಡಾಕ್ ಮಾಡಲಾಗುವುದು’ ಎಂದು ಕೊಡುತ್ತಿದೆ. ಏನು ಬರೆಯಲಿ? — ಪುಣೆಯ ಪಿಂಪ್ರಿಯಿಂದ

ಉತ್ತರ: ‘ಗೈರುಹಾಜರಿಗಾಗಿ ಎರಡು ದಿನದ ಸಂಬಳ ಮುರಿದುಕೊಳ್ಳಲಾಗುವುದು’ ಎಂದು ಬರೆಯಿರಿ. ‘ಹಿಡಿಯಲಾಗುವುದು’ ಬೇಡ, ಮುಂದೆ ಎಂದಾದರೂ ಕೊಡುತ್ತಾರೆ ಎಂಬ ಆಸೆ ಅದರಲ್ಲಿ ಉಳಿಯುತ್ತದೆ. ಬರೀ ‘ಕಡಿತ’ ಎಂದರೂ ತೊಡಕು, ತಿಂಗಳು ತಿಂಗಳು ಹೋಗುವ ಪಿಎಫ್, ತೆರಿಗೆಯೂ ಕಡಿತವೇ. ಇಂಗ್ಲಿಷಿನ ಡಾಕ್ ಅವುಗಳಿಗೆ ಸಲ್ಲದು, ತಪ್ಪಿಗೋ ಗೈರುಹಾಜರಿಗೋ ಮುರಿಯುವುದಕ್ಕೆ ಮಾತ್ರ. ಆದ್ದರಿಂದ ಕಾರಣ ನೋಟಿಸಿನಲ್ಲಿ ಇರಲೇಬೇಕು; ಪಗಾರದ ದಿನ ಜಗಳಗಳು ಎದ್ದೇಳುವುದೇ ಅದು ಇಲ್ಲದಾಗ. ಆ್ಯಪನ್ನು ನಂಬುವ ಮೊದಲು ಅಕ್ಕಪಕ್ಕದ ಪದ ನೋಡಿ: ಜೊತೆಗೆ ಸಂಬಳವೋ ಅಂಕವೋ ಇದ್ದರೆ ಮುರಿಯುವುದು, ಆರೋಪಿ ಇದ್ದರೆ ಕಟಕಟೆ, ಎಲೆ ಇದ್ದರೆ ಸೊಪ್ಪು.

ಪ್ರಶ್ನೆ: ಇಸ್ರೋದ ‘ಡಾಕಿಂಗ್’, ಕೋರ್ಟಿನ ‘ಡಾಕೆಟ್’ ಯಾವ ಡಾಕಿಗೆ ಸೇರಿದವು? — ಗೋವಾದ ವಾಸ್ಕೋದಿಂದ

ಉತ್ತರ: 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಕೂಡಿಕೊಂಡದ್ದಕ್ಕೆ ಹೇಳುವ ‘ಡಾಕಿಂಗ್’ ಹಡಗಿನ ಡಾಕಿನಿಂದಲೇ ಬಂದ ಮಾತು. ಡಾಕೆಟ್ ಕೋರ್ಟಿನಲ್ಲಿ ಓಡಾಡಿದರೂ ಕಟಕಟೆಯ ಮಗುವಲ್ಲ. ಅದು ಮೊದಲಿಗೆ ಬರಹದ ಸಾರಾಂಶದ ಚೀಟಿ.

ಪ್ರಶ್ನೆ: ಮಾರ್ಕೆಟಿನ ಅಂಬಟ್ ಚುಕಾಕ್ಕೂ ಇಂಗ್ಲಿಷಿನಲ್ಲಿ ಡಾಕ್ ಎನ್ನುತ್ತಾರಂತೆ, ನಿಜವೇ? ಅದನ್ನು ಹಾಕಿದರೆ ನಮ್ಮಲ್ಲಿ ಬೇಳೆ ಬೇಯುವುದೇ ಇಲ್ಲ. — ವಾಶಿಯ ಓದುಗರು

ಉತ್ತರ: ನಿಜ. ರೂಮೆಕ್ಸ್ ಕುಲದ ಗಿಡಗಳಿಗೆ ಇಂಗ್ಲಿಷಿನಲ್ಲಿ ಡಾಕ್ ಎಂಬ ಹೆಸರು. ಅಂಬಟ್ ಚುಕಾ, ನಮ್ಮ ಚುಕ್ಕಿ ಸೊಪ್ಪು, ಅದೇ ಕುಲದ್ದು; ‘ಬ್ಲ್ಯಾಡರ್ ಡಾಕ್’ ಎಂಬ ಹೆಸರೂ ಅದಕ್ಕಿದೆ. ಬರ್ಡಾಕ್ ಮಾತ್ರ ಈ ಕುಲಕ್ಕೆ ಸೇರಿದ್ದಲ್ಲ, ಎಲೆ ಅಗಲ ಎಂಬ ಹೋಲಿಕೆಯಿಂದ ಹೆಸರಷ್ಟೇ ಅಂಟಿಕೊಂಡಿದೆ.

ಬೇಳೆ ಬೇಯದಿರಲು ಸೊಪ್ಪಿನ ಹುಳಿಯೇ ಕಾರಣ. ಹುಳಿ ಸೇರಿದ ನೀರಿನಲ್ಲಿ ಬೇಳೆ ಬೇಗ ಮೆತ್ತಗಾಗುವುದಿಲ್ಲ. ತೊಗರಿಬೇಳೆಯನ್ನು ಮೊದಲು ಬೇರೆಯಾಗಿ ಪೂರ್ತಿ ಬೇಯಿಸಿ ಮಸೆದುಕೊಳ್ಳಿ. ಸೊಪ್ಪನ್ನು ಹೆಚ್ಚಿ ಆಮೇಲೆ ಹಾಕಿದರೆ ನಾಲ್ಕೈದು ನಿಮಿಷದಲ್ಲಿ ಕರಗಿ ಬಣ್ಣ ಮಾಸುತ್ತದೆ, ಅಷ್ಟು ಸಾಕು. ಹುಣಸೆಹುಳಿ ಬೇಡ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಗಳೂ ಬೇಡ, ಸ್ಟೀಲಿನಲ್ಲೇ ಮಾಡಿ. ಸೊಪ್ಪಿನಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು, ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರಿಗೆ ಇದನ್ನು ಬಡಿಸಬೇಡಿ.