ಸಂಪಾದಕರ ಉತ್ತರ: ಕಡಜದ ಗೂಡು ಮತ್ತು ಸರ್ವಿಸ್ ಬಿಲ್ಲು

ಓದುಗರ ಪತ್ರ: ‘ಮಾನ್ಯ ಸಂಪಾದಕರೇ, ನನ್ನ ಮೋಟಾರ್ ಸೈಕಲ್ಲಿನ ಉಚಿತ ಸರ್ವಿಸುಗಳೆಲ್ಲ ಮುಗಿದಿವೆ. ಇನ್ನು ಆಯಿಲ್ ಬದಲಿಸುವುದು, ಚೈನ್ ಬಿಗಿ ಮಾಡುವುದು ಮುಂತಾದವನ್ನು ನಾನೇ ಮಾಡಿಕೊಳ್ಳೋಣವೆಂದಿದ್ದೇನೆ. ಆ ಹೊತ್ತಿನಲ್ಲಿ ನಿನ್ನ ಉದ್ಯೋಗ ನೋಡಿಕೊಂಡರೆ ಸರ್ವಿಸ್ ಖರ್ಚಿನ ಎರಡರಷ್ಟು ಗಳಿಸುತ್ತೀಯೆ, ಮೇಲಾಗಿ ವಾರಂಟಿ ಹೋದೀತು ಎಂದು ಸ್ನೇಹಿತರು ಹೆದರಿಸುತ್ತಾರೆ. “ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು” ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆಯೇ? ಸಲ್ಲುವುದಾದರೆ ಮೊದಲು ಯಾವ ಉಪಕರಣ ಕೊಳ್ಳಲಿ?’

ಉತ್ತರ: ತಾವು ಎತ್ತಿಕೊಂಡ ಗಾದೆಯ ಮೊದಲ ಪಾದವನ್ನು ಒಪ್ಪುತ್ತೇನೆ, ಕೊನೆಯದನ್ನು ಒಪ್ಪಲಾರೆ. ಎಂಜಿನ್ ಚಾಲೂ ಮಾಡಿದ ಕೂಡಲೇ ಅದು ವಾಲ್ವ್ ತೆರೆಯುವ ಟ್ಯಾಪೆಟ್ಟಿನ ಸದ್ದೋ ಎಂಜಿನ್ ಒಳಗಿನ ಟೈಮಿಂಗ್ ಚೈನಿನ ಸದ್ದೋ ಎಂದು ಕಿವಿಯಿಂದಲೇ ಹೇಳಬಲ್ಲ ಮೆಕ್ಯಾನಿಕ್ಕರನ್ನು ನಾನು ಕಂಡಿದ್ದೇನೆ. ಅವರನ್ನು ಆಳೆಂದು ಕರೆಯುವುದು ನಮ್ಮ ಅಜ್ಞಾನವಷ್ಟೆ. ಎಂಜಿನ್ ಬಿಚ್ಚುವ ಕೆಲಸ, ಎಬಿಎಸ್ ಬ್ರೇಕಿನ ದೋಷ, ಸ್ಕ್ಯಾನರ್ ಹಚ್ಚದೆ ತಿಳಿಯದ ಇಂಜೆಕ್ಷನ್ ತೊಂದರೆ, ಇವನ್ನು ಅವರಿಗೇ ಬಿಡಿ. ಮೆಕ್ಯಾನಿಕ್ಕರ ಪರವಾದ ನನ್ನ ವಕಾಲತ್ತು ಇಲ್ಲಿಗೆ ಮುಗಿಯಿತು.

ತಮ್ಮ ಸ್ನೇಹಿತರ ಲೆಕ್ಕವನ್ನು ನೋಡೋಣ. ಗಾಡಿಯನ್ನು ಬಿಟ್ಟು ಬರುವುದಕ್ಕೆ ಒಂದು ಸಲ, ತರುವುದಕ್ಕೆ ಇನ್ನೊಂದು ಸಲ ಹೋಗಿ, ನಡುವೆ ‘ಆಯಿತೇ’ ಎಂದು ನಾಲ್ಕು ಬಾರಿ ಫೋನ್ ಮಾಡುವ ಹೊತ್ತನ್ನು ಅವರು ಯಾವ ಖಾತೆಗೆ ಬರೆದಿದ್ದಾರೆ? ಆಯಿಲ್ ಬದಲಿಸುವುದರಲ್ಲಿ ಹೆಚ್ಚು ಹೊತ್ತು ಹೋಗುವುದು ಬಿಸಿಯಾದ ಆಯಿಲ್ ಇಳಿಯಲಿ ಎಂದು ಕಾಯುವುದರಲ್ಲಿಯೇ. ಆ ಹೊತ್ತು ವ್ಯರ್ಥವೂ ಅಲ್ಲ. ಗಾಡಿಯ ಪಕ್ಕದಲ್ಲಿ ನೆಲಕ್ಕೆ ಕೂತವನ ಕಣ್ಣಿಗೆ ಟೈರಿಗೆ ಚುಚ್ಚಿಕೊಂಡ ಮೊಳೆ, ಸವೆದು ತೆಳುವಾದ ಬ್ರೇಕ್ ಪ್ಯಾಡ್, ಮುಂದಿನ ಫೋರ್ಕ್ ಸೀಲಿನಿಂದ ಜಿನುಗುವ ಎಣ್ಣೆ ತಾವಾಗಿಯೇ ಬೀಳುತ್ತವೆ. ಹೀಗೆ ಕೂತು ನೋಡುವುದಕ್ಕೆಂದು ಯಾವ ಬಿಲ್ಲಿನಲ್ಲೂ ಬೇರೆ ಸಾಲು ಇರುವುದಿಲ್ಲ.

ಬಿಲ್ಲೆಂದಾಗ ನನಗೊಂದು ಕಡಜ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ, ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ್ದ ನನ್ನ ಗಾಡಿಯ ಏರ್ ಫಿಲ್ಟರ್ ಮುಚ್ಚಳದ ಸ್ಕ್ರೂ ಮೇಲೆ ಕಡಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಅಧಿಕೃತ ಸರ್ವಿಸ್ ಕೇಂದ್ರವೊಂದಕ್ಕೆ ಒಪ್ಪಿಸಿ ಸಂಜೆ ಗಾಡಿ ತಂದೆ. ಬಿಲ್ಲಿನಲ್ಲಿ ‘ಏರ್ ಫಿಲ್ಟರ್ ಬದಲಾವಣೆ’ ಎಂದು ಅಚ್ಚಾಗಿತ್ತು. ಗೂಡು ಮಾತ್ರ ಚೂರೂ ಮುಕ್ಕಾಗದೆ ಸ್ಕ್ರೂವಿನ ತಲೆಯ ಮೇಲೆ ಹಾಗೆಯೇ ಕೂತಿತ್ತು. ಮುಚ್ಚಳ ತೆಗೆಯದೆ ಫಿಲ್ಟರ್ ಬದಲಿಸುವ ವಿದ್ಯೆ ನನಗೆ ಇಂದಿಗೂ ತಿಳಿದಿಲ್ಲ. ಕೌಂಟರಿನವರು ಹಣ ಹಿಂದಿರುಗಿಸಿದರು ಎನ್ನುವುದನ್ನೂ ಹೇಳಬೇಕು. ಆದರೆ ಕಡಜ ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮೋಸವಿಲ್ಲದ ಕಡೆಯಲ್ಲೂ ಅವಸರವಿರುತ್ತದೆ. ಚೈನನ್ನೇ ತೆಗೆದುಕೊಳ್ಳಿ. ಗಿರಾಕಿ ‘ಚೈನ್ ಸದ್ದು ಮಾಡುತ್ತದೆ’ ಎಂದರೆ ಅವಸರದ ಕೈ ಅದನ್ನು ತಂತಿಯಂತೆ ಬಿಗಿದು ಕಳಿಸುತ್ತದೆ. ಸವಾರ ಕೂತು ಸಸ್ಪೆನ್ಷನ್ ಕುಗ್ಗಿದಾಗ, ಮುಂದಿನ ಸ್ಪ್ರಾಕೆಟ್ ಎಂಬ ಹಲ್ಲುಚಕ್ರ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಕೀಲು ಮತ್ತು ಹಿಂದಿನ ಆಕ್ಸಲ್ ಒಂದೇ ಸಾಲಿಗೆ ಬರುವ ಗಳಿಗೆಯಲ್ಲಿ ಚೈನ್ ಅತ್ಯಂತ ಬಿಗಿಯಾಗುತ್ತದೆ. ಮೊದಲೇ ಸಡಿಲವಿಲ್ಲದಿದ್ದರೆ ಆ ಎಳೆತವೆಲ್ಲ ಗೇರ್ ಬಾಕ್ಸಿನ ಬೇರಿಂಗಿನ ಮೇಲೆ ಬೀಳುತ್ತದೆ. ಆದ್ದರಿಂದಲೇ ಅನೇಕ ಕೈಪಿಡಿಗಳು ಚೈನಿನ ಕೆಳಗಿನ ಸಾಲಿನ ನಡುಮಧ್ಯೆ 25ರಿಂದ 35 ಮಿಲಿಮೀಟರಿನಷ್ಟು ಸಡಿಲ ಬಿಡಲು ಹೇಳುತ್ತವೆ. ತಮ್ಮ ಗಾಡಿಯ ಅಳತೆ ಯಾವುದೆಂದು ಅದರ ಕೈಪಿಡಿಯಲ್ಲೇ ನೋಡಿಕೊಳ್ಳಬೇಕು. ಚೈನ್ ಎಲ್ಲೆಡೆ ಒಂದೇ ಸಮನೆ ಸವೆಯುವುದಿಲ್ಲವಾದ್ದರಿಂದ ಎಂಜಿನ್ ಆರಿಸಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ, ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ ಅಳೆಯಬೇಕು. ದಿನಕ್ಕಿಷ್ಟು ಗಾಡಿ ಮುಗಿಸಲೇಬೇಕಾದ ಹುಡುಗನಿಗೆ ಆ ವ್ಯವಧಾನ ಎಲ್ಲಿಂದ ಬರಬೇಕು? ತಮಗೆ ಭಾನುವಾರವಿಡೀ ಇದೆ.

ವಾರಂಟಿಯ ಭಯವನ್ನು ಬಿತ್ತಿದವರು ತಮ್ಮ ಸ್ನೇಹಿತರಲ್ಲ, ಅವರು ಕೇಳಿದ್ದನ್ನು ಹೇಳಿದ್ದಾರೆ. ಅಮೆರಿಕದಲ್ಲಿ 1975ರಲ್ಲೇ ಬಂದ ಮ್ಯಾಗ್ನುಸನ್–ಮಾಸ್ ಕಾಯ್ದೆಯ ಪ್ರಕಾರ, ಕಂಪನಿಯದೇ ಬಿಡಿಭಾಗ, ಕಂಪನಿಯದೇ ಸರ್ವಿಸ್ ಎಂಬ ಷರತ್ತನ್ನು ವಾರಂಟಿಗೆ ಕಟ್ಟುವಂತಿಲ್ಲ. ಅವನ್ನು ಕಂಪನಿ ಉಚಿತವಾಗಿ ಕೊಟ್ಟರೆ ಮಾತು ಬೇರೆ. ಹಾಗಿದ್ದೂ 2022ರಲ್ಲಿ ಅಲ್ಲಿನ ಗ್ರಾಹಕರ ಹಿತ ಕಾಯುವ ಸರಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಇಂಥದೇ ಷರತ್ತುಗಳಿಗಾಗಿ ಹಾರ್ಲೆ–ಡೇವಿಡ್ಸನ್ ಕಂಪನಿಯ ಮೇಲೆ ಕ್ರಮ ಕೈಗೊಳ್ಳಬೇಕಾಯಿತು. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ; ತಮ್ಮ ವಾರಂಟಿ ಪತ್ರದ ಸಣ್ಣ ಅಕ್ಷರಗಳನ್ನು ಓದಿ, ಕೊಂಡ ಆಯಿಲಿನ ರಸೀದಿ, ದಿನಾಂಕ ಮತ್ತು ಓಡಿದ ಕಿಲೋಮೀಟರನ್ನು ಬರೆದಿಡಿ. ತಮ್ಮ ಕೈತಪ್ಪಿನಿಂದ ಆದ ಹಾನಿಗೆ ಮಾತ್ರ ಯಾರೂ ಹೊಣೆಯಾಗುವುದಿಲ್ಲ, ಅದು ನ್ಯಾಯವೇ.

ನನ್ನ ನಿಜವಾದ ಸಂಕಟ ಇರುವುದು ಕೈಪಿಡಿಗಳ ಬಗ್ಗೆ. ನನ್ನ ಬಳಿ ಇರುವ ಹಳೆಯ ಗಾಡಿಯೊಂದರ ಮಾಲೀಕರ ಕೈಪಿಡಿಯಲ್ಲಿ, ಎಂಜಿನ್ ತಣ್ಣಗಿರುವಾಗ ಪಿಸ್ಟನ್ನನ್ನು ಮೇಲ್ತುದಿಗೆ ತಂದು, ಸಂದಿಯನ್ನು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ ಟ್ಯಾಪೆಟ್ ಅಂತರ ಸರಿಪಡಿಸುವುದನ್ನು ಚಿತ್ರ ಸಮೇತ ವಿವರಿಸಲಾಗಿದೆ. ಅದನ್ನು ಬರೆದವರು ಕೊಂಡವನನ್ನು ಬುದ್ಧಿವಂತನೆಂದು ನಂಬಿದ್ದರು. ಈಚಿನ ಗಾಡಿಯ ಕೈಪಿಡಿ ಅದರ ಎರಡರಷ್ಟು ದಪ್ಪವಿದೆ. ಹೆಲ್ಮೆಟ್ ಹಾಕಿಕೊಳ್ಳುವ ವಿಧಾನಕ್ಕೆ ಪುಟಗಳಿವೆ, ಟ್ಯಾಪೆಟ್ಟಿನ ಜಾಗದಲ್ಲಿ ‘ಅಧಿಕೃತ ಡೀಲರನ್ನು ಸಂಪರ್ಕಿಸಿ’ ಎಂಬ ಒಂದೇ ಸಾಲಿದೆ. ಸೀಟಿನಡಿಯ ಉಪಕರಣದ ಚೀಲ ಒಂದು ಸ್ಕ್ರೂಡ್ರೈವರಿಗೆ ಇಳಿದಿದೆ, ಕಿಕ್ಕರ್ ಎಷ್ಟೋ ಗಾಡಿಗಳಲ್ಲಿ ಮಾಯವಾಗಿದೆ. ಪೂರ್ತಿ ಹಣ ತೆತ್ತು ಕೊಂಡ ವಸ್ತುವಿಗೆ ನಾವು ಬಾಡಿಗೆದಾರರಂತಾಗಿದ್ದೇವೆ.

ಈ ಉದ್ಯಮ ಬೆಳೆದದ್ದೇ ಕೈಗೆ ಮಸಿ ಹತ್ತಿಸಿಕೊಂಡವರಿಂದ. 1948ರಲ್ಲಿ ತಮ್ಮ ಹೆಸರಿನ ಕಂಪನಿ ಕಟ್ಟಿದ ಸೊಯಿಚಿರೊ ಹೋಂಡಾ, ಹದಿನೈದರ ಹರೆಯದಲ್ಲಿ ಟೋಕಿಯೊದ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದವರು. ನ್ಯೂಜಿಲೆಂಡಿನ ಬರ್ಟ್ ಮನ್ರೊ 1920ರ ‘ಇಂಡಿಯನ್ ಸ್ಕೌಟ್’ ಎಂಬ ಅಮೆರಿಕನ್ ಗಾಡಿಯೊಂದನ್ನು ದಶಕಗಳ ಕಾಲ ತಮ್ಮ ಶೆಡ್ಡಿನಲ್ಲಿ ತಿದ್ದುತ್ತ, ಪಿಸ್ಟನ್ನುಗಳನ್ನೂ ತಾವೇ ಎರಕ ಹೊಯ್ದು, 1967ರಲ್ಲಿ ಅಮೆರಿಕದ ಬಾನವಿಲ್ಲಿನ ಉಪ್ಪು ಬಯಲಿನಲ್ಲಿ ಗಂಟೆಗೆ 295 ಕಿಲೋಮೀಟರ್ ಮೀರಿದ ದಾಖಲೆ ಬರೆದರು. ಆಗ ಅವರ ವಯಸ್ಸು 68. ತಾವು ಪಿಸ್ಟನ್ ಎರಕ ಹೊಯ್ಯಬೇಕೆಂದು ನಾನು ಕೇಳುತ್ತಿಲ್ಲ. ಒಂದು ಬೋಲ್ಟ್ ಬಿಚ್ಚಲು ಸ್ನೇಹಿತರ ಅಪ್ಪಣೆ ಕೇಳುತ್ತ ಕೂತಿದ್ದೀರಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಇನ್ನು ಉಪಕರಣದ ಪ್ರಶ್ನೆ. ಮೊದಲು ತಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್, ಎಂದರೆ ಮೆಕ್ಯಾನಿಕ್ಕರು ಬಳಸುವ ಕೈಪಿಡಿ, ಸಂಪಾದಿಸಿ. ಆಯಿಲ್ ಕೊಳ್ಳುವಾಗ ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂಬ, ಮೋಟಾರ್ ಸೈಕಲ್ ಆಯಿಲಿನ ಜಪಾನಿ ಮಾನದಂಡದ ಗುರುತು ನೋಡಿ. ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುವ ಗಾಡಿಗೆ ಜಾರುಗುಣದ ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರಬಹುದು. ಸ್ಪ್ಯಾನರುಗಳ ದೊಡ್ಡ ಸೆಟ್ಟಿಗಿಂತ ಮೊದಲು, ಬೋಲ್ಟನ್ನು ಎಷ್ಟು ಬಿಗಿದಿದ್ದೇವೆಂದು ಅಳೆದು ತಿಳಿಸುವ ಟಾರ್ಕ್ ರೆಂಚ್ ಕೊಳ್ಳಿ. ನಾನು ಮೊದಲ ಸಲ ಆಯಿಲ್ ಬದಲಿಸಿದಾಗ ಅದು ನನ್ನಲ್ಲಿರಲಿಲ್ಲ. ಸೋರೀತೆಂಬ ಅಂಜಿಕೆಯಿಂದ ಡ್ರೈನ್ ಬೋಲ್ಟನ್ನು ಬಿಗಿದೆ, ಸಾಲದೆಂದು ಇನ್ನೊಂದು ಸುತ್ತು ಎಳೆದೆ, ಅಷ್ಟರಲ್ಲಿ ಸ್ಪ್ಯಾನರ್ ಕೈಯಲ್ಲಿ ಬೆಣ್ಣೆಯಂತೆ ಹಗುರಾಯಿತು. ಅಲ್ಯೂಮಿನಿಯಂ ಕೇಸಿಂಗಿನಲ್ಲಿ ಬೋಲ್ಟ್ ಹಿಡಿಯುವ ಥ್ರೆಡ್ ಹೋಗಿತ್ತು. ಗಾಡಿಯನ್ನು ತಳ್ಳಿಕೊಂಡು ಹೋದದ್ದು ಮೇಲೆ ಹೊಗಳಿದ ಆ ಮೆಕ್ಯಾನಿಕ್ಕರಲ್ಲಿ ಒಬ್ಬರ ಬಳಿಗೆ. ಅವರು ಹೊಸ ಥ್ರೆಡ್ ಕೂರಿಸಿಕೊಟ್ಟು, ಎಷ್ಟು ಬಿಗಿಯಬೇಕೆಂಬುದನ್ನು ನನ್ನ ಕೈಯನ್ನೇ ಹಿಡಿದು ತೋರಿಸಿದರು. ಆ ಪಾಠಕ್ಕೆ ಹಣ ತೆಗೆದುಕೊಳ್ಳಲಿಲ್ಲ.